ನೆಗೆಣ್ಣಿ ಕೊಂಡು ತಂದ ರಾಕ್ಷಸ

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಇಂಥ ಶುದ್ಧ ಲಿಂಗಾಯತರಿಗೆ ಒಣಮೀನು ಮೋಸ ಮಾಡದೆ ಇನ್ನಾರಿಗೆ ಮಾಡೀತು?

ಎಪ್ಪತ್ತರ ದಶಕದ ಕೊನೆಗೆ ನಾನು ಇಚಲಕರಂಜಿಯಿಂದ ಆ ಮನೆಗೆ ಕಿರಿಸೊಸೆಯಾಗಿ ಬಂದೆ. ಅದಕ್ಕೂ ಮೊದಲೇ ಹಿರಿಸೊಸೆಗೆ, ಅಂದರೆ ನನ್ನ ನೆಗೆಣ್ಣಿಗೆ, ಸತ್ತ ಕೂಸು ಹುಟ್ಟಿತ್ತು. ಅತ್ತೆ ಅದನ್ನು ಅವಳಿಗೆ ತೋರಿಸಲೇ ಇಲ್ಲ. “ನೋಡಬ್ಯಾಡವಾ, ಅದು ಮನಶ್ಯಾರ ಕೂಸಿನಂಗ ಇಲ್ಲ” ಎಂದು ಹೇಳಿ ಹೂಳಿಸಿಬಿಟ್ಟಿದ್ದರು. ಎಂಟನೇ ತಿಂಗಳಲ್ಲಿ ಹೊಟ್ಟೆಯ ಕೂಸಿಗೆಂದು ಅಯ್ಯನವರು ಕೊಟ್ಟಿದ್ದ ಲಿಂಗ ಮಾತ್ರ ಅವಳ ಬಳಿ ಉಳಿದಿತ್ತು. ತಾನು ಹೆತ್ತದ್ದು ಎಂಥದ್ದು ಎಂಬ ಹುಳ ಅವಳನ್ನು ವರ್ಷಗಟ್ಟಲೆ ಕೊರೆಯುತ್ತಿತ್ತು.

ಒಂದು ಸಂತೆಯ ದಿನ ಕೊಂಕಣದಿಂದ ಘಟ್ಟ ಹತ್ತಿ ಬಂದವನೊಬ್ಬ ಬಸ್ ಸ್ಟ್ಯಾಂಡಿನ ಹಿಂದೆ ಪರದೆ ಕಟ್ಟಿ ‘ಸಮುದ್ರದ ರಾಕ್ಷಸ’ನನ್ನು ತೋರಿಸುತ್ತಿದ್ದ. ನಾವಿಬ್ಬರೂ ಒಳಗೆ ಹೋದೆವು. ಗೇಣುದ್ದದ ಕಂದು ಮೈ, ಸುಕ್ಕುಗಟ್ಟಿದ ಮುಖ, ಅಳುವಂತೆ ತೆರೆದ ಬಾಯಿ, ಸೊಟ್ಟ ಕಾಲು. ನನಗೆ ಹೇಸಿಗೆಯಾಯಿತು. ನೆಗೆಣ್ಣಿ ಕಿವಿಯ ಬೆಂಡೋಲೆ ಬಿಚ್ಚಿ ಅವನ ಕೈಗಿಟ್ಟು, ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಅಕ್ಕಾ, ಏನ್ ಮಾಡಾಕತ್ತೀರಿ?”

“ನಂದ ಇದು. ಯಾರೋ ಅಗದು ತಗದು ಮಾರ್ಯಾರ. ಲಿಂಗ ಕಟ್ಟಿ ಮತ್ತ ಮಣ್ಣ ಮಾಡ್ತೇನಿ.”

ಮನೆಗೆ ಬಂದು ಅದಕ್ಕೆ ವಿಭೂತಿ ಹಚ್ಚಿ, ಲಿಂಗ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಕೂತಳು. ಗಂಡಸರು ಗುದ್ದಲಿ ಹುಡುಕತೊಡಗಿದರು. ಅಷ್ಟು ನಂಬಿದ್ದರು, ಪುಣ್ಯಾತ್ಮರು! ಅಷ್ಟರಲ್ಲಿ ವಾಸನೆ ಹಿಡಿದು ಬಂದವಳು ಪಕ್ಕದ ಮನೆಯ, ಕೊಂಕಣದ ಕಡಲತೀರದ ವೆಂಗುರ್ಲೆಯ ಹೆಂಗಸು.

“ಅಗ ಬಾಯಿ, ಸುಕಾ ಮಾಸಾ! ಮೀನ್ರೀ ಇದು. ಚಾಕೂಲೆ ಕೊರದು ಒಣಗಿಸ್ಯಾರ. ಇವು ಕಣ್ಣಲ್ರೀ, ಮೂಗಿನ ತೂತು.”

ಮೀನಿಗೆ ಲಿಂಗ ಕಟ್ಟಿದೆಯಲ್ಲೇ ಎಂದು ಅತ್ತೆ ಎದೆ ಬಡಿದುಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಅವರಿಗೆ ಲಿಂಗ ಮೈಲಿಗೆಯಾದದ್ದು ಕಂಡಿತು, ಎದುರಿಗೆ ಕೂತ ಸೊಸೆ ಕಾಣಲಿಲ್ಲ.

ನೆಗೆಣ್ಣಿ ತಲೆಯೆತ್ತಿ ಕೇಳಿದಳು: “ಇದು ಮೀನಾದ್ರ, ನಂದು ಹೆಂಗಿತ್ತರೀ ಅತ್ತಿ?”

ಅತ್ತೆ ನೆಲ ನೋಡುತ್ತಲೇ ಹೇಳಿದರು: “ಚಂದ ಇತ್ತವಾ. ಹೆಣ್ಣು. ಉಸರ ಇರಲಿಲ್ಲ, ಅಷ್ಟ. ಅದರ ಮಾರಿ ನೋಡಿದ್ರ ನೀ ಬಿಟ್ಟುಕೊಡಾಂಗಿಲ್ಲಂತ ಸುಳ್ಳ ಹೇಳಿದೆ.”

“ಕೂದಲಾ?”

“ಭಾಳ ಇದ್ದವು. ಕರ್ರಗ.”

ಅಷ್ಟು ವರ್ಷ ಅವಳು ರಾಕ್ಷಸನನ್ನು ಹೆತ್ತವಳಾಗಿ ಬದುಕಿದ್ದಳು. ಈಗ ಮಗಳು ಸತ್ತಳೆಂದು ಅಳತೊಡಗಿದಳು.