ಬ್ರೇಕಿಗೆ ಬಳಿದ ಗ್ರೀಸ್

ಭಾವ, ನಿಮ್ಮ ಕೆಂಪು ಕಾರಿನ ಬ್ರೇಕಿಗೆ ಗ್ರೀಸ್ ಬಳಿದವನು ನಾನು. ಹೇಳಿಬಿಟ್ಟೆ. ಇನ್ನು ಅಕ್ಕ ನನಗೆ ಬಾಗಿಲು ತೆರೆಯುತ್ತಾಳೋ ಇಲ್ಲವೋ. ಆದರೂ ಪೂರ್ತಿ ಹೇಳುತ್ತೇನೆ.

ನಾನು ಬೈತಖೋಲದ ಮೀನು ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಬೋಟಿಗೆ ಬ್ರೇಕೇ ಇಲ್ಲವಲ್ಲ! ಅಲ್ಲಿ ಏನು ಕಿರುಗುಟ್ಟಿದರೂ ಗ್ರೀಸೇ ಮದ್ದು. ನೀವು ಗೋವಾದಿಂದ ಆಸೆಪಟ್ಟು ತಂದ ಆ ಹಳೇ ಸ್ಪೋರ್ಟ್ಸ್ ಕಾರು ಬ್ರೇಕ್ ಒತ್ತಿದಾಗಲೆಲ್ಲ ಕೀಂಯ್ ಎನ್ನುತ್ತಿತ್ತು, ಓಣಿಯವರೆಲ್ಲ ನಗುತ್ತಿದ್ದರು. ಗಾಲಿ ಬಿಚ್ಚಿ ನೋಡಿದೆ. ಡಿಸ್ಕಿಗೆ ಉಪ್ಪುಗಾಳಿಯ ತುಕ್ಕು, ಅದನ್ನು ಹಿಡಿದು ಗಾಲಿ ನಿಲ್ಲಿಸುವ ಪ್ಯಾಡಿನ ಮುಖ ಗಾಜಿನಷ್ಟು ನುಣುಪು. ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಅಕ್ಕನ ಗಂಡನ ಮುಂದೆ — ದೊಡ್ಡಸ್ತಿಕೆ ನೋಡಿ! — ಪ್ಯಾಡಿನ ಮುಖಕ್ಕೇ ಗ್ರೀಸ್ ಬಳಿದೆ. ಬಂದರಿನೊಳಗೆ ಮೆಲ್ಲಗೆ ಓಡಿಸಿದಾಗ ಸದ್ದಿಲ್ಲ, ಹೇಗೋ ನಿಂತಿತು ಕೂಡ. "ಎಂಥಾ ಕೈ ಮಾರಾಯ ನಿಂದು!" ಎಂದಿರಿ. ಅಕ್ಕನನ್ನು ಕೂರಿಸಿಕೊಂಡು ಅಂಕೋಲೆ ಕಡೆ, ಕೇಣಿಯ ನಿಮ್ಮ ಮನೆಗೆ ಹೊರಟಿರಿ.

ತೋಡೂರಿನ ಹತ್ತಿರದ ಇಳಿಜಾರಿನಲ್ಲಿ ಕಾರು ನಿಲ್ಲಲಿಲ್ಲ. ಮಣ್ಣಿನ ದಿಬ್ಬಕ್ಕೆ ಗುದ್ದಿತು. ಅಕ್ಕನ ಮೊಣಕಾಲು — ಅವಳು ಮೆಟ್ಟಿಲು ಹತ್ತುವಾಗ ನಾನು ಈಗಲೂ ಬೇರೆ ಕಡೆ ನೋಡುತ್ತೇನೆ. ಕಾರು ಎಳೆಸಿ ತಂದವನು ನಾನೇ. ನೀವು ಬ್ರೇಕ್ ಒತ್ತಿ ಒತ್ತಿ ಸುಟ್ಟು ಕಪ್ಪಾಗಿದ್ದ ಆ ಗ್ರೀಸನ್ನು ಯಾರೂ ನೋಡುವ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದವನೂ ನಾನೇ. ಆಸ್ಪತ್ರೆಯಲ್ಲಿ ನೀವು ನನ್ನ ಕೈ ಹಿಡಿದು, "ಬ್ರೇಕ್ ಅಂತ ಆಕ್ಸಿಲರೇಟರೇ ಒತ್ತಿದ್ನೋ ಏನೋ ಮಾರಾಯ" ಎಂದಿರಿ.

"ಇರ್ಲಿಕ್ಕೂ ಸಾಕು ಭಾವ" ಎಂದೆ.

ಅಷ್ಟೇ ಮಾತು. ಅಂದಿನಿಂದ ನೀವು ಸ್ಟೀರಿಂಗ್ ಮುಟ್ಟಲಿಲ್ಲ. ಪೇಟೆಗೆ ಹೋಗಲೂ ಯಾರಾದರೂ ಬರಲೆಂದು ಕಾಯುತ್ತೀರಿ. "ನನ್ನ ಕಾಲು ನಂಬೂ ಹಾಗಿಲ್ಲ" ಎಂದು ನಗುತ್ತೀರಿ, ಅಕ್ಕ ನಗುವುದಿಲ್ಲ.

ಈಗ ನಿಮ್ಮ ಮಗಳು ಲೈಸನ್ಸ್ ಮಾಡಿಸಿಕೊಂಡು, ತಾಡಪತ್ರಿ ಹೊದ್ದು ಮಲಗಿದ್ದ ಅದೇ ಕಾರನ್ನು ದುರಸ್ತಿ ಮಾಡಿಸಿ ನನ್ನ ಶೆಡ್ಡಿಗೆ ತಂದಿದ್ದಾಳೆ. "ಮತ್ತೆ ಕಿರುಗುಟ್ತದೆ ಮಾವ. ನೀವೇ ಸರಿ ಮಾಡ್ಬೇಕಂತೆ, ಅಪ್ಪ ಹೇಳಿದ್ರು." ಅಯ್ಯೋ ದೇವರೇ, ನಿಮಗೆ ಇನ್ನೂ ಈ ಕೈಯ ಮೇಲೆ ನಂಬಿಕೆ! ಈ ಸಲ ಡಿಸ್ಕಿನ ತುಕ್ಕು ಉಜ್ಜಿ ತೆಗೆದೆ, ಹೊಸ ಪ್ಯಾಡ್ ಹಾಕಿದೆ. ಗ್ರೀಸ್ ಪ್ಯಾಡಿನ ಬೆನ್ನಿಗೆ ಮಾತ್ರ, ಅದೂ ತೆಳ್ಳಗೆ — ಮುಖ ಮುಟ್ಟಲೂ ಹೆದರಿದೆ. ಕಿರುಗುಟ್ಟುವುದು ನಿಂತಿದೆ. ಆ ಮೌನವೇ ನನಗೆ ಭಯ. ಕಾರಿನ ಗ್ಯಾರೇಜಿನವರು ಒಮ್ಮೆ ನೋಡದೆ ಅವಳು ಓಡಿಸುವುದು ಬೇಡವೆಂದು ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಆ ಕೀಲಿ ಹಿಡಿದು ನಾನೇ ನಿಮ್ಮ ಮನೆಗೆ ಬರುತ್ತೇನೆ. ಬಯ್ಯಿರಿ, ಹೊಡೆಯಿರಿ. ಅಕ್ಕ ಹೊರಗೆ ಹೋಗು ಎಂದರೆ ಹೋಗುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ಇದನ್ನು ಮಾತ್ರ ನೀವು ತಿಳಿಯಬೇಕು — ಅಂದು ನಿಮ್ಮ ಕಾಲು ಬ್ರೇಕಿನ ಮೇಲೇ ಇತ್ತು ಭಾವ.