ಪಟಪಟ ಎನ್ನದ ಬಳ್ಳಿ

ಹೊರಗಿನಿಂದ ಬಂದು ಬೇರೂರಿ, ನಗರದ ಮರಗಿಡಗಳ ಉಸಿರುಗಟ್ಟಿಸುವ ಕಳೆಗಳನ್ನು ತಡೆಯುವುದೂ ಒಂದು ವಿದ್ಯೆಯೆಂದು ನಗರಸಭೆಗೆ ಮನಗಾಣಿಸಿದವರು, ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಉದ್ಯಾನ ವಿಭಾಗದ ಮೇಲ್ವಿಚಾರಕರು. ಕಚೇರಿಗೆಲ್ಲ ಅವರು ‘ಬೇರು ಮೇಡಂ’. ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದ ನನಗೆ ಅವರ ಬೀಳ್ಕೊಡುಗೆಯ ನೆನಪಿನ ಪುಸ್ತಕದ ಸಂಪಾದಕರು ನಾಲ್ಕು ಒಳ್ಳೆಯ ಮಾತು ಬರೆಯಲು ಹೇಳಿದ್ದಾರೆ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಕೂರುವ ಅಭ್ಯಾಸ ಮೇಡಂ ಅವರಿಗೂ ಇರಲಿಲ್ಲ ಬಿಡಿ. ಚಹಾ ಕುಡಿಯುವಾಗಲೂ ಕಣ್ಣು ಗೋಡೆಯ ಬಿರುಕಿನ ಮೇಲೆ. ನನ್ನ ಮದುವೆಯ ಊಟದ ನಡುವೆ ಎದ್ದುಹೋಗಿ, ಸಭಾಂಗಣದ ಹಿಂದಿನ ಚರಂಡಿಯಲ್ಲಿ ಹಬ್ಬಿದ್ದ ಕಳೆಬಳ್ಳಿ ಕಿತ್ತು ಬಂದವರು ಅವರು. ಕೆಲಸ ಮುಗಿಸಿ ಗೇಟು ದಾಟುವ ಮೊದಲು ಪ್ರತಿಯೊಬ್ಬರೂ, ಕಳೆಯ ಚೂರು ಅಂಟಿಕೊಂಡು ಹೊರಗೆ ಹೋಗದಂತೆ, ಬೂಟಿನ ಅಡಿಯನ್ನು ಬ್ರಷ್‌ನಿಂದ ಉಜ್ಜಲೇಬೇಕು. ಕಮಿಷನರಾದರೂ ಸರಿ, ಬಿಡುತ್ತಿರಲಿಲ್ಲ.

ಆ ಬಳ್ಳಿಯ ಒಂದು ಗೆಣ್ಣು ಹಸಿಯಾಗಿ ಮಣ್ಣಿಗೆ ಬಿದ್ದರೂ ಬೇರು ಬಿಡುತ್ತದೆ. ಆದ್ದರಿಂದ ಕಿತ್ತದ್ದನ್ನು ಕಚೇರಿಯ ತಾರಸಿಯಲ್ಲಿ ಹದಿನೈದು ದಿನ ಹರವಿ, ಮುರಿದರೆ ಪಟಪಟ ಎನ್ನುವಷ್ಟು ಒಣಗಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕಬೇಕೆಂಬುದು ಅವರ ಕಟ್ಟಳೆ. ನನ್ನ ತಂದೆಯವರು ಆಸ್ಪತ್ರೆಯಲ್ಲಿದ್ದಾಗ, ನನ್ನ ಪಾಲಿನ ಬಳ್ಳಿಯನ್ನು ವಾರವಿಡೀ ಬಿಸಿಲಲ್ಲಿ ಮಗುಚಿದವರು ಮೇಡಂ. ಆ ಋಣವನ್ನು ನಾನು ತೀರಿಸಿದ ಬಗೆ ಕೇಳಿ.

ಎಂಟು ವರ್ಷಗಳ ಹಿಂದೆ, ತಪಾಸಣೆಗೆ ಬರುವವರಿಗೆ ತಾರಸಿ ಚೊಕ್ಕಟವಾಗಿ ಕಾಣಲೆಂದು, ಆರೇ ದಿನಕ್ಕೆ ಎಲ್ಲವನ್ನೂ ಬಾಚಿ ಗುಂಡಿಗೆ ಸುರಿದೆ.

“ಒಣಗಿತ್ತೇನಪ್ಪಾ?” ಎಂದು ಮೇಡಂ ಕೇಳಿದರು.

“ಹೂಂ ಮೇಡಂ, ಪಟಪಟ ಅಂತಿತ್ತು” ಎಂದೆ.

ಆ ಗೊಬ್ಬರ ಒಂಬತ್ತು ಉದ್ಯಾನಗಳಿಗೆ ಹೋಯಿತು. ಮಳೆ ಬಿದ್ದದ್ದೇ ತಡ, ಒಂಬತ್ತರಲ್ಲೂ ಬಳ್ಳಿ ತಲೆಯೆತ್ತಿತು. ವಿಚಾರಣೆಯ ದಿನ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತ ಬಾಗಿಲ ಬಳಿ ನಿಂತಿದ್ದೆ. “ಕಣ್ಣಾರೆ ನೋಡಬೇಕಾಗಿದ್ದು ನಾನು, ನೋಡ್ಲಿಲ್ಲ. ತಪ್ಪು ನಂದೇ,” ಎಂದರು ಮೇಡಂ. ಅವರಿಗೆ ಬರಬೇಕಿದ್ದ ಬಡ್ತಿ ತಪ್ಪಿತು. ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಪ್ರತಿ ರವಿವಾರ ಅವರು ಆ ಉದ್ಯಾನಗಳಲ್ಲಿ ಬಳ್ಳಿ ಕೀಳುತ್ತಿದ್ದಾರೆ. ಪಾಪ, ತಮ್ಮ ತಪ್ಪೆಂದೇ ನಂಬಿ! ಎಂಟು ಉದ್ಯಾನಗಳು ಶುದ್ಧವಾಗಿವೆ. ಒಂಬತ್ತನೆಯದು ಬಾಕಿ.

ಮೇಡಂ, ಅದು ಹಸಿಯಾಗಿತ್ತು. ನನಗೆ ಗೊತ್ತಿತ್ತು. ಎದುರಿಗೆ ನಿಂತು ಹೇಳುವ ಧೈರ್ಯ ಎಂಟು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ. ನಾಲ್ಕು ಜನ ಓದುವ ಪುಸ್ತಕದಲ್ಲಿ ಅಚ್ಚಾದರೆ ಹಿಂದೆಗೆಯಲು ದಾರಿಯಿರದೆಂದು ಇಲ್ಲಿ ಬರೆಯುತ್ತಿದ್ದೇನೆ.

ತಮಗೆ ಆಯುರಾರೋಗ್ಯಗಳು ಕೂಡಿಬರಲಿ, ಇನ್ನುಳಿದ ರವಿವಾರಗಳೆಲ್ಲ ತಮ್ಮವೇ ಆಗಲಿ. ಸನ್ಮಾನದ ಹೊತ್ತಿಗೆ ನನ್ನನ್ನು ಸಭೆಯಲ್ಲಿ ಹುಡುಕಬೇಡಿ. ಒಂಬತ್ತನೆಯ ಉದ್ಯಾನದಲ್ಲಿ ಮೊಣಕಾಲೂರಿ ಬೇರು ಕೀಳುತ್ತಿರುತ್ತೇನೆ. ಬೈಯಬೇಕೆನಿಸಿದರೆ ದಯವಿಟ್ಟು ಅಲ್ಲಿಗೇ ಬನ್ನಿ. ಹೊರಡುವಾಗ ಬೇಕಾಗುವ ಬ್ರಷ್ ಗೇಟಿನ ಪಕ್ಕದಲ್ಲೇ ಇಟ್ಟಿರುತ್ತೇನೆ.