ನಾಲಿಗೆಯ ಕೆಳಗಿನ ಎಳೆ

ನಾನು ಔರಾದದ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಲದ ಮಾತು. ನನಗೆ ಹೊಲವಿರಲಿಲ್ಲ, ಹೇಳಿಕೊಳ್ಳುವಂಥ ಮನೆತನವೂ ಇರಲಿಲ್ಲ. ಇದ್ದದ್ದು ಗಂಟಲೊಂದೇ. ನಲವತ್ತು ಹುಡುಗರು ಒಟ್ಟಿಗೆ ಮಗ್ಗಿ ಒದರುತ್ತಿದ್ದರೂ ನಾನು ಒಮ್ಮೆ ಕೂಗಿದರೆ ಶಾಲೆಯೆಲ್ಲ ತಣ್ಣಗಾಗುತ್ತಿತ್ತು. ಅಂಥವನ ಒಬ್ಬನೇ ಮಗ ನಾಲ್ಕು ವರ್ಷ ತುಂಬಿದರೂ ಒಂದು ಮಾತಾಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಊರವರು ಆಡಿಕೊಂಡದ್ದು ನನಗೆ ತಿಳಿಯದೆ ಇರಲಿಲ್ಲ. ನನ್ನ ಆಸೆ ದೊಡ್ಡದಲ್ಲ. ಅವನು ಒಮ್ಮೆ ‘ಅಪ್ಪಾ’ ಎನ್ನಬೇಕಿತ್ತು, ಅಷ್ಟೆ.

ಮಾತು ಯಾಕೆ ಬರಲಿಲ್ಲ ಎಂಬುದಕ್ಕೆ ನನ್ನ ಅವ್ವನ ಹತ್ತಿರ ಒಂದು ಕಾರಣವಿತ್ತು. ನಮ್ಮ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು, ಸಂತೆಯ ದಿನ ತೆಲುಗು.

“ಕೂಸಿಗಿ ನಾಕ್ ಕಡಿಂದ ನಾಕ್ ಭಾಷಾ ಬಂದು ಬಡೀತಾವ. ಯಾವ್ದರೆ ಹಿಡೀಬೇಕು ಅದು? ಗಾಬರಿಯಾಗಿ ಸುಮ್ನ ಕುಂತದ” ಎನ್ನುತ್ತಿದ್ದಳು.

ನನಗೂ ಅದು ಸರಿ ಎನಿಸಿತ್ತು. ಎನಿಸದೇ ಏನು, ಮಾಸ್ತರನಿಗೆ ಭಾಷೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಅವ್ವ ದಿನಾ ಬೆಳಿಗ್ಗೆ ಬಜೆಯ ಬೇರನ್ನು ಜೇನಿನಲ್ಲಿ ತೇಯ್ದು ಮೊಮ್ಮಗನ ನಾಲಿಗೆಗೆ ಹಚ್ಚುತ್ತಿದ್ದಳು. ಗಿಳಿ ಕಚ್ಚಿದ ಪೇರಲ ಹಣ್ಣು ತಿಂದರೆ ಮಾತು ಬರುತ್ತದೆಂದು ಯಾರೋ ಹೇಳಿದ್ದಕ್ಕೆ ನಾನು ಶಾಲೆ ಬಿಟ್ಟ ಮೇಲೆ ತೋಟಗಳಲ್ಲಿ ಗಿಳಿ ಕಾಯುತ್ತ ನಿಂತದ್ದೂ ಉಂಟು. ಕೊರಳಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ, ಅದರ ಪಕ್ಕದಲ್ಲಿ ದರ್ಗಾದ ತಾಯತ. ಹುಡುಗ ಎಲ್ಲವನ್ನೂ ಹೊತ್ತುಕೊಂಡು ಸುಮ್ಮನೆ ಆಡುತ್ತಿದ್ದ.

ಒಂದು ದಿನ ಬಜೆ ಹಚ್ಚುವಾಗ ಅವ್ವ ಕೂಗಿದಳು. “ತಮ್ಮಾ, ಇಲ್ ಬಾ. ಇಲ್ ನೋಡು. ನಾಲಗಿ ಕಟ್ಯಾದ!”

ಮಗನನ್ನು ಅಂಗಳದ ಬೆಳಕಿಗೆ ತಂದು ಬಾಯಿ ತೆರೆಸಿದೆ. ನಾಲಿಗೆಯ ಕೆಳಗೆ ಒಂದು ತೆಳ್ಳಗಿನ ಎಳೆ, ನಾಲಿಗೆಯನ್ನು ಕೆಳಗಿನ ವಸಡಿಗೆ ಹೊಲಿದಂತೆ ಹಿಡಿದುಕೊಂಡಿತ್ತು. ನನಗಾದ ಸಂತೋಷ ಹೇಳತೀರದು. ಕಾರಣ ಸಿಕ್ಕರೆ ಅರ್ಧ ರೋಗ ವಾಸಿಯಾದಂತೆ ಅಲ್ಲವೇ. ಇದನ್ನು ಕೊಯ್ದರೆ ಮುಗಿಯಿತು, ಮಗ ಮಾತಾಡುತ್ತಾನೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು.

“ಇರ್ಲಿ ಬಿಡ್ರಿ” ಎಂದಷ್ಟೇ ಹೇಳಿ ಒಲೆಯ ಮುಂದೆ ಹೋಗಿ ಕೂತಳು.

ನಾನು ಬಿಡಲಿಲ್ಲ. ರಜೆ ಪಡೆದು, ಗಾಡಿ ಕಟ್ಟಿಸಿ, ಮಾಂಜ್ರಾ ನದಿ ದಾಟಿ ಬೀದರಕ್ಕೆ ಹೊರಟೆ. ಅಲ್ಲಿಯ ದವಾಖಾನೆಯ ಡಾಕ್ಟರು ಹೈದರಾಬಾದಿನವರು, ವಯಸ್ಸಾದವರು, ಸಮಾಧಾನದ ಮನುಷ್ಯ. ಮಗನ ಬಾಯಿ ತೆರೆಸಿ, ನಾಲಿಗೆ ಎತ್ತಿ ನೋಡಿದರು. ಅಲ್ಲಿ ಮಿಶನ್ನಿನ ಶಾಲೆಯಲ್ಲಿ ಕಲಿತ ಒಬ್ಬ ಕ್ರೈಸ್ತ ನರ್ಸಮ್ಮ ಇದ್ದರು, ನಮ್ಮ ಕಡೆಯ ಮಾತಿನವರು. ಅವರು ನನ್ನ ಹೆಂಡತಿಯನ್ನು ಕೇಳಿದರು.

“ಅಕ್ಕಾ, ಹಿಂದಿಂದ ಕರದ್ರ ತಿರಗಿ ನೋಡ್ತಾನೇನ್ರಿ?”

ಅವಳು ತಲೆ ಬಗ್ಗಿಸಿದಳು. ಉತ್ತರ ಕೊಟ್ಟವನು ನಾನು. “ನೋಡ್ತಾನ್ರಿ, ಮನಸ್ಸಿಗಿ ಬಂದ್ರ ನೋಡ್ತಾನ. ಭಾಳ ಹಟಮಾರಿ. ಇಂಥಾ ಹುಡುಗ್ರು ನಮ್ಮ ಸಾಲ್ಯಾಗ ಹತ್ತ ಮಂದಿ ಅದಾರ್ರಿ.”

ಡಾಕ್ಟರು ಕೈ ತೊಳೆದುಕೊಳ್ಳುತ್ತ ಹೇಳಿದರು, “ಛೋಟಾ ಕಾಮ್ ಹೈ ಮಾಸ್ತರ್ ಸಾಬ್. ಕರೇ ತೋ ಭೀ ಠೀಕ್, ನ ಕರೇ ತೋ ಭೀ ಠೀಕ್. ಆಪ್ ಕೀ ಮರ್ಜಿ.”

ಸಣ್ಣ ಕೆಲಸ, ಮಾಡಿದರೂ ಸರಿ, ಬಿಟ್ಟರೂ ಸರಿ, ನಿಮ್ಮ ಮರ್ಜಿ. ಈ ಮರ್ಜಿ ಎಂಬ ಮಾತು ನನ್ನನ್ನು ಒಂದು ವರ್ಷ ಅರೆಯಿತು. ನಿಜಾಮರ ರಾಜ್ಯದಲ್ಲಿ ನಮ್ಮಂಥವರಿಗೆ ಬರುತ್ತಿದ್ದದ್ದು ಹುಕುಂ. ಯಾವ ಊರಿಗೆ ವರ್ಗ, ಯಾವ ಭಾಷೆಯಲ್ಲಿ ಪಾಠ, ಯಾವ ದಿನ ರಜೆ, ಎಲ್ಲ ಮೇಲಿನಿಂದ ಇಳಿಯುತ್ತಿತ್ತು, ನಾವು ಜೀ ಹುಜೂರ್ ಎನ್ನುತ್ತಿದ್ದೆವು. ನಿನ್ನ ಮರ್ಜಿ ಏನಪ್ಪಾ ಎಂದು ಹುಟ್ಟಿದ ಮೇಲೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಕೊಯ್ಯಿರಿ ಎಂದು ಅವರು ಹುಕುಂ ಮಾಡಿದ್ದರೆ ಅಲ್ಲೇ ಕೊಯ್ಸಿಬಿಡುತ್ತಿದ್ದೆ. ಹೆಂಡತಿ ಬಾಗಿಲ ಹತ್ತಿರ ಮಗನನ್ನು ಎತ್ತಿಕೊಂಡು ನಿಂತಾಗಿತ್ತು. ವಾಪಸು ಬಂದೆವು.

ಆ ವರ್ಷವಿಡೀ ಮನೆಯಲ್ಲಿ ಇದೇ ಮಾತು. ಅವ್ವ ಕೊಯ್ಸಬೇಕು ಎನ್ನುವವಳು. ನಾನು ಒಂದು ದಿನ ಕೊಯ್ಸೋಣ, ಮರುದಿನ ತಡೆಯೋಣ. ನಾಲಿಗೆಗೆ ಕತ್ತರಿ ಹಾಕುವುದೆಂದರೆ ಹೆದರಿಕೆಯಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಕೊಯ್ಸಿದ ಮೇಲೂ ಮಾತು ಬರದಿದ್ದರೆ ಮುಂದೇನು? ಕೊಯ್ಯದೆ ಇರುವತನಕ ಆಸೆಗೆ ಒಂದು ಜಾಗವಿತ್ತು. ಹೆಂಡತಿ ಮಾತ್ರ ಯಾವಾಗಲೂ ಅದೇ ಎರಡು ಮಾತು, “ಇರ್ಲಿ ಬಿಡ್ರಿ.” ಯಾಕೆ ಎಂದರೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ಅವಳು ಭಾಲ್ಕಿಯ ಕಡೆಯವಳು, ಅಕ್ಷರ ಬಾರದವಳು. ಹಳ್ಳಿ ಗಮಾರಿ, ನಿನ್ನ ಹೆದರಿಕೆಗೆ ನನ್ನ ಮಗನ ಬಾಳು ಹಾಳಾಗುತ್ತದೆ ಎಂದು ಬೈದೆ. ಅವಳು ಬೈಗುಳವನ್ನೂ ಇರಲಿ ಎಂದು ಬಿಟ್ಟಳು.

ಒಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ. ಒಂದು ದಿನ ಶಾಲೆಯಲ್ಲಿ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾಲಿಗೆ ಎತ್ತಿರಿ ಎಂದೆ. ಅವರಿಗೆ ಅದೊಂದು ಆಟ, ನಗುತ್ತ ಎತ್ತಿದರು. ಒಬ್ಬೊಬ್ಬರ ಬಾಯಿಗೂ ಬಗ್ಗಿ ನೋಡುತ್ತ ಹೋದೆ. ಗಾಣಿಗರ ಹುಡುಗನೊಬ್ಬನಿದ್ದ, ಬಾಯಿಗೆ ಬೀಗವೇ ಇಲ್ಲದವನು, ಮಾತಾಡಬೇಡವೋ ಎಂದು ದಿನಕ್ಕೆ ಹತ್ತು ಸಲ ಛಡಿ ತೋರಿಸುತ್ತಿದ್ದೆ. ಅವನ ನಾಲಿಗೆಯ ಕೆಳಗೂ ಅದೇ ಎಳೆ. ನನ್ನ ಮಗನದಕ್ಕಿಂತ ದಪ್ಪ. ಎರಡು ಸಲ ನೋಡಿದೆ. ಆಮೇಲೆ ಎಲ್ಲರಿಗೂ ಕೂತುಕೊಳ್ಳಲು ಹೇಳಿ ಪಾಠ ಮುಂದುವರಿಸಿದೆ. ಮನೆಗೆ ಬಂದು ಮಾತೆತ್ತಲಿಲ್ಲ. ಎಳೆಯೇ ಕಾರಣವಲ್ಲ ಎಂದಾದರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮಗನಿಗೆ ಐದು ತುಂಬಿತು. ನನ್ನ ಓರಗೆಯವರ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುತ್ತ ಗಟ್ಟಿಯಾಗಿ ಹೇಳುತ್ತಿದ್ದರು. ನನ್ನ ಮಗ ನನ್ನದೇ ಶಾಲೆಯ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತು ಹುಣಸೆ ಬೀಜ ಜೋಡಿಸುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ನನಗೆ ಸಿಟ್ಟು ಬರತೊಡಗಿತು. ಹಟಮಾರಿ ಹುಡುಗರನ್ನು ಸರಿ ಮಾಡುವ ವಿದ್ಯೆ ನನಗೊಂದೇ ಗೊತ್ತಿತ್ತು. ಒಂದು ಸಂಜೆ ಮೂರು ಸಲ ಕರೆದು, ನಾಲ್ಕನೆಯದಕ್ಕೆ ಬೆನ್ನಿನ ಮೇಲೆ ಹೊಡೆದೆ. ಅವನು ತಿರುಗಿ ನನ್ನ ಮುಖ ನೋಡಿದ. ಯಾಕೆ ಪೆಟ್ಟು ಬಿತ್ತು ಎಂಬುದು ಅವನಿಗೆ ತಿಳಿದಿಲ್ಲ ಎಂದು ಆ ಮುಖದಲ್ಲೇ ಬರೆದಿತ್ತು. ಓದಲು ಕಲಿಸುವ ನಾನು ಅದನ್ನು ಓದಲಿಲ್ಲ. ಅದಾದ ಮೇಲೆ ಪೆಟ್ಟು ವಾರಕ್ಕೆ ಎರಡು, ಮೂರು ಆಯಿತು.

ಒಂದು ಬೆಳಿಗ್ಗೆ ಹೆಂಡತಿ ತಾನಾಗಿಯೇ ಬಂದು ನನ್ನ ಮುಂದೆ ನಿಂತಳು.

“ಕೊಯ್ಸಿ ಬಿಡ್ರಿ” ಎಂದಳು. “ಕೊಯ್ಸಿದ ಮ್ಯಾಲ ನಾ ಅವನ್ನ ಕರ್ಕೊಂಡು ಭಾಲ್ಕಿಗಿ ಹೋಗಿ ನಮ್ಮವ್ವನ ಮನ್ಯಾಗ ಹದಿನೈದು ದಿನ ಇರ್ತೇನಿ.”

ಕೊನೆಗೂ ಬುದ್ಧಿ ಬಂತು ಎಂದುಕೊಂಡೆ. ಮತ್ತೆ ಗಾಡಿ, ಮತ್ತೆ ಮಾಂಜ್ರಾ. ಅದೇ ಡಾಕ್ಟರು ಮರ್ಜಿ ಏನಾಯಿತು ಎಂದು ಕೇಳಿ ನಕ್ಕರು. ಮಗನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಕೂರಿಸಿದರು. ನರ್ಸಮ್ಮ ತಲೆ ಹಿಡಿದರು. ಡಾಕ್ಟರು ಚಮಚದಿಂದ ನಾಲಿಗೆ ಎತ್ತಿ ಕತ್ತರಿ ಆಡಿಸಿದ್ದು ನನ್ನ ಕಣ್ಣಿಗೂ ಸರಿಯಾಗಿ ಕಾಣಲಿಲ್ಲ, ಅಷ್ಟು ಬೇಗ ಮುಗಿಯಿತು. ರಕ್ತ ಹೆಚ್ಚೇನೂ ಬರಲಿಲ್ಲ. ಆದರೆ ಅವನು ಚೀರಿದ ಚೀರು ದವಾಖಾನೆಯ ಅಂಗಳಕ್ಕೆಲ್ಲ ಕೇಳಿತು. ಎಂಥ ಗಂಟಲು! ನನ್ನದೇ ಗಂಟಲು. ಮಗ ನೋವಿನಿಂದ ಅಳುವಾಗ ನಾನು ಒಳಗೊಳಗೇ ಹಿಗ್ಗಿದೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬಟ್ಟೆ ಬಿಚ್ಚಿದ ಕೂಡಲೇ ಅವನು ನನ್ನ ತೊಡೆಯಿಂದ ಇಳಿದು ಹೊರಗಿದ್ದ ತಾಯಿಯ ಹತ್ತಿರ ಓಡಿದ. ಭಾಲ್ಕಿಯ ತನಕವೂ ನನ್ನ ಹತ್ತಿರ ಬರಲಿಲ್ಲ.

ಭಾಲ್ಕಿಯ ಅತ್ತೆಯ ಮನೆಯಲ್ಲಿ ನಾನೂ ನಾಲ್ಕಾರು ದಿನ ಉಳಿದೆ. ಗಾಯ ಮಾಗಿತು. ಐದನೆಯ ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ಬಾಯಿ ಅಗಲಿಸಿ, ತುಟಿ ಕೂಡಿಸಿ, “ಅಪ್ಪಾ” ಎಂದೆ. ಅವನು ನನ್ನ ತುಟಿಗಳನ್ನೇ ನೋಡಿದ. ಇನ್ನೊಮ್ಮೆ ಹೇಳಿದೆ. ಅವನೂ ಬಾಯಿ ಅಗಲಿಸಿದ, ತುಟಿ ಕೂಡಿಸಿದ, ಬಿಟ್ಟ. ಸ್ವರವಿರಲಿಲ್ಲ, ಬರೀ ಉಸಿರು ನನ್ನ ಮುಖಕ್ಕೆ ತಾಗಿತು. ಆದರೇನು, ತುಟಿಯ ಆಕಾರ ತಪ್ಪಿರಲಿಲ್ಲ. ಇವತ್ತು ಉಸಿರು, ನಾಳೆ ಸ್ವರ ಎಂದು ಕುಣಿದಾಡಿದೆ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಹೆಂಡತಿ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಮಗನ ಕೈಗೆ ಕೊಟ್ಟಳು.

ಮರುದಿನ ಮೊಹರಂ. ಸಂಜೆಯ ಹೊತ್ತಿಗೆ ಓಣಿಯ ಆ ತುದಿಯಿಂದ ಹಲಗೆ, ತಾಶೆ ಬಡಿಯುತ್ತ ಮೆರವಣಿಗೆ ಬಂತು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಕೇಕೆ ಹಾಕಿ ಬಾಗಿಲಿಗೆ ಓಡಿದರು. ನನ್ನ ಮಗ ಬಾಗಿಲಿಗೆ ಬೆನ್ನು ಹಾಕಿ ಕೂತವನು ಕೂತಲ್ಲೇ ಇದ್ದ. ಗೋಡೆ ನಡುಗುವಂಥ ಸಪ್ಪಳ. ಕಟ್ಟೆಯ ಮೇಲಿದ್ದ ನಾನು ಅವನನ್ನೇ ನೋಡಿದೆ. ಹಲಗೆಯವರು ಬಾಗಿಲ ಮುಂದೆಯೇ ಬಂದಾಗ ಅವನು ಕೈಯನ್ನು ನೆಲಕ್ಕೆ ಊರಿ, ನೆಲದೊಳಗೆ ಏನಿದೆ ಎಂಬಂತೆ ಕೆಳಗೆ ನೋಡಿದ. ಹಿಂದೆ ತಿರುಗಲಿಲ್ಲ.

ಮೆರವಣಿಗೆ ದಾಟಿ ಹೋಯಿತು, ಮಕ್ಕಳು ಅದರ ಹಿಂದೆ ಹೋದರು. ಅಂಗಳ ಖಾಲಿಯಾದ ಮೇಲೆ ನಾನು ಅವನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ನಿಂತು ಹೆಸರು ಹಿಡಿದು ಕೂಗಿದೆ. ಶಾಲೆಯಲ್ಲಿ ಕೂಗುವಂತೆ ಕೂಗಿದೆ. ಪಕ್ಕದ ಮನೆಯ ಮಾಳಿಗೆಯ ಮೇಲಿನ ಪಾರಿವಾಳಗಳು ಎದ್ದವು. ಅವನು ಹುಣಸೆ ಬೀಜ ಜೋಡಿಸುತ್ತಲೇ ಇದ್ದ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ದಿನಾ ಹುಡುಗರನ್ನು ಬೈಯುತ್ತಿದ್ದವನು ನಾನು. ಐದು ವರ್ಷ ಬಾರಿಸಿದ್ದೆ. ಅಲ್ಲೇ ಕೂತೆ.

ತಲೆ ಎತ್ತಿದಾಗ ಹೆಂಡತಿ ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

“ನಿನಗ ಗೊತ್ತಿತ್ತೇನು?” ಎಂದೆ.

“ಹೂಂನ್ರಿ.”

“ಯಾವಾಗಿಂದ?”

“ತೊಟ್ಟಿಲದಾಗ ಇದ್ದಾಗಿಂದ್ರಿ. ಒಮ್ಮಿ ಹಿತ್ತಾಳಿ ಕೊಡ ಬಿದ್ದು ಮನಿ ಮಂದೆಲ್ಲ ಎದ್ ಕುಂತ್ರು. ಕೂಸು ನಿದ್ದಿ ಬಿಡಲಿಲ್ಲ.”

“ಮತ್ತ ಯಾಕ ಹೇಳಲಿಲ್ಲ?”

“ನಾಲಗಿಗಿ ಕತ್ತರಿ ಅದರಿ. ಕಿವಿಗಿ ಎಲ್ಲಿ ಅದ? ನಿಮಗ ಆಸಿ ಇತ್ತು, ಇರೋಷ್ಟು ದಿನ ಇರ್ಲಿ ಅಂತ ಸುಮ್ನಿದ್ದೆ.”

“ಹಂಗಿದ್ರ ಕೊಯ್ಸಿ ಬಿಡ್ರಿ ಅಂತ ನೀನೇ ಯಾಕ ಅಂದಿ?” ನನ್ನ ದನಿ ಏರಿತು. “ಸುಮ್ ಸುಮ್ನ ಕೂಸಿನ ರಕ್ತ ಹರಸ್ದಿ.”

ಅವಳು ಅಂಗಳಕ್ಕೆ ಇಳಿದು ಬಂದು ಮಗನ ಪಕ್ಕದಲ್ಲಿ ಕೂತಳು. ಅವನ ಅಂಗಿ ಸರಿಸಿ ಬೆನ್ನಿನ ಮೇಲೆ ಕೈ ಆಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು.

“ನೀವು ಹೊಡ್ಯಾಕ ಚಾಲು ಮಾಡಿದ್ರಲ್ರಿ. ಒಮ್ಮಿ ಕೊಯ್ಸಿದ್ರ, ಕೊಯ್ಸಿದ ಮ್ಯಾಲೂ ಮಾತ್ ಬರಲಿಲ್ಲಂದ್ರ, ಹೊಡ್ಯೋದು ಬಿಡ್ತೀರಿ ಅಂತ ತಿಳ್ಕೊಂಡೆ. ಕತ್ತರಿ ನೋವು ಒಂದು ದಿನದ್ದು.”

ಮಗ ತಾಯಿಯನ್ನು ಕಂಡು ಕೈಯಾಡಿಸಿ ಏನೋ ಕೇಳಿದ. ಅವಳೂ ಕೈಯಲ್ಲೇ ಏನೋ ಹೇಳಿದಳು. ಅವನು ನಕ್ಕ. ಒಂದೇ ಮನೆಯಲ್ಲಿ ಐದು ವರ್ಷ ಇದ್ದು ನಾನು ಅದನ್ನು ಕಂಡಿರಲಿಲ್ಲ. ಅವರ ನಡುವೆ ಮಾತು ಯಾವಾಗಲೋ ಹುಟ್ಟಿ ದೊಡ್ಡದಾಗಿತ್ತು, ನನಗೆ ಮಾತ್ರ ಅದು ಬರುತ್ತಿರಲಿಲ್ಲ.

ಕೇಳಬಾರದಿತ್ತೋ ಏನೋ, ಕೇಳಿದೆ. “ನನಗ ಏನಂತಾನ ಅಂವ?”

ಅವಳು ಬಲಗೈಯ ಐದೂ ಬೆರಳಿನ ತುದಿ ಕೂಡಿಸಿ, ತೆರೆದಳು, ಮುಚ್ಚಿದಳು, ತೆರೆದಳು, ಮುಚ್ಚಿದಳು. ಸುಮ್ಮನೆ ತೆರೆದು ಮುಚ್ಚುವ ಒಂದು ಬಾಯಿ. ಮಗ ಅದನ್ನು ನೋಡಿ ತಕ್ಷಣ ನನ್ನ ಕಡೆ ತಿರುಗಿದ.

ಆ ದಿನದಿಂದ ಅವನ ಮೇಲೆ ಕೈ ಎತ್ತಲಿಲ್ಲ. ಹೆಂಡತಿಯ ಲೆಕ್ಕ ಅಷ್ಟರ ಮಟ್ಟಿಗೆ ತಪ್ಪಲಿಲ್ಲ. ಮನೆಯಲ್ಲಿ ಮಾತನ್ನೂ ಬಿಟ್ಟೆ. ಶಾಲೆಯಿಂದ ಬಂದು ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡು ಅವನೆದುರು ಕೂರುತ್ತಿದ್ದೆ. ಅದರಿಂದ ಏನೂ ಬದಲಾಗಲಿಲ್ಲ. ತುಟಿ ಬಿಗಿದು ಕೂತ ನನ್ನನ್ನು ತಾಯಿಗೆ ತೋರಿಸುವಾಗಲೂ ಅವನು ಆ ಐದು ಬೆರಳನ್ನು ಹಾಗೆಯೇ ತೆರೆದು ಮುಚ್ಚುತ್ತಿದ್ದ.